ಸಮಾಹೀಜಿನ ತಕ್ಕಡಿ

ಹೂನಾನ ಅಂಗಡಿಗೆ ಬಾಗಿಲಿರಲಿಲ್ಲ,
ಖರ್ಜೂರದ ಗರಿಯ ತಡಿಕೆ, ಅಷ್ಟೇ.
ನಮ್ಮ ಮೀನನ್ನೇ ತಿಂದ, ಹುರುಪೆಯಿಲ್ಲದ್ದನ್ನು ಬಿಟ್ಟು.
ನಮ್ಮ ಮಾತಿನಲ್ಲೇ ಬೈದ.
ಕಡಲ ತಳದಲ್ಲಿ ಉಕ್ಕುವ ಸಿಹಿನೀರ ಊಟೆಯ ಹೆಸರನ್ನು
ಮಗಳಿಗಿಟ್ಟ.

ಆರನೆಯ ದಿನ ಬಿಸಿಲು ಬಾಗಿತೋ
ತಕ್ಕಡಿಯ ಮೇಲೆ ಬಟ್ಟೆ.
ಯಾವ ದೊರೆಯ ಹಡಗೇ ಬಂದಿರಲಿ.

ಒಮ್ಮೆ ಅದೇ ಹೊತ್ತಿಗೆ ಹೋದೆ.
ಅಂಗೈಯಲ್ಲಿ ಕಡಲೆ ಗಾತ್ರದ ಮುತ್ತು,
ಮೂಗಿನಲ್ಲಿನ್ನೂ ರಕ್ತ.
'ಒಂದೇ ಸಲ ತೂಗು ಮಾರಾಯ.'
ರೊಟ್ಟಿ ಮುರಿದು ಕೊಟ್ಟ.
ಬೈದೆ. ತಿಂದೆ.
ಅದು ಕಳೆದ ಮೇಲೆ ತೂಗಿದ:
ಹಡಗಿನವ ಹೇಳಿದ್ದಕ್ಕಿಂತ
ಎರಡು ಗುಲಗಂಜಿ ಹೆಚ್ಚು.

ಈ ಚಳಿಗಾಲ ಜ್ವರ ಅವನನ್ನು ಒಯ್ದಿತು.
ಅವರ ಪ್ರಾರ್ಥನೆಗೆ ಹತ್ತು ಗಂಡಸರು ಬೇಕಂತೆ,
ದ್ವೀಪದಲ್ಲಿ ಉಳಿದವರು ಏಳು.
ನಾನು, ತಮ್ಮ ಜದೀಮ,
ದೋಣಿಗೆ ರಾಳ ಬಳಿಯುವ ಕಿವುಡ ಔಸ್
ಕರೆಯದೆ ಹೋಗಿ ಹಿಂದೆ ನಿಂತೆವು,
ಕಪ್ಪು ಮೆತ್ತಿದ ಕೈ ಕಟ್ಟಿಕೊಂಡು.
ಅವರಲ್ಲಿ ಹಿರಿಯನೊಬ್ಬ ನಮ್ಮತ್ತ ನೋಡಿದ, ಬಹಳ ಹೊತ್ತು.
ಆಮೇಲೆ ಕಣ್ಣು ಮುಚ್ಚಿ ಶುರುಮಾಡಿದ.

ಲೆಕ್ಕದಲ್ಲಿ ಒಂದು ಕಾಳೂ ತಪ್ಪದವನು
ಬಟ್ಟೆ ಹೊದ್ದು ಮಲಗಿದ್ದ.