ಒಂದು ಗೇಣು ರಿಬ್ಬನ್ನು

ಬೆಟಗೇರಿ. ಮಗ್ಗದ ಕುಣಿಯೊಳಗ ಕಾಲಿಳಿಬಿಟ್ಟು ನಾನು,
ಬಾಗಿಲಾಗ ಮೇಜರ್ ಕಳಕನಗೌಡ್ರು,
ಅಂಗೈಯಾಗ ಪದಕ.
"ರಿಬ್ಬನ್ ಹಿಂಜೇದ. ಒಂದು ಗೇಣು ನೇದು ಕೊಡು."

ಸೀರಿ ಸೆರಗಿಗೆ ಸಾವಿರ ಎಳಿ ಎಣಿಸಿದಾಂವಗ
ಇದೇನು ಮಹಾ?
ಹರಕು ತುಂಡು ಬಿಚ್ಚಿಕೋತ ಕೇಳಿದೆ:
"ಎಷ್ಟು ಮಂದೀನ್ನ ಕೆಡವಿದ್ರಿ, ಗೌಡ್ರ?"

"ಒಬ್ಬನ್ನೂ ಇಲ್ಲ.
ಎಪ್ಪತ್ತೊಂದು, ಡಿಸೆಂಬರ್.
ಗೋಧಿ ಹೊಲದ ತುಂಬ ನೆಲಬಾಂಬು.
ಕತ್ತಲಾಗ ಬೋರಲ ಬಿದ್ದು,
ಬಟ್ಟಿಲೆ ತಡವಿ ತಡವಿ ತಗದು,
ಹಿಂದ ಬರೋ ಟ್ಯಾಂಕಿಗೆ ದಾರಿ ಅಂತ
ಬಿಳೀ ಪಟ್ಟಿ ಹಾಸಿಕೋತ ಹೋದ್ವಿ.
ಆ ತುದಿ ಹಿಡದಾಂವ ಹವಾಲ್ದಾರ ಮಾಣಿಕ್ಯಂ."

ಮುಂದ ಹೇಳಲಿಲ್ಲ.
ನಾನೂ ಲಾಳಿ ಒಗೀಲಿಲ್ಲ.

"ನಡುವ ಒಂದು ಬಿಳೀ ಎಳಿ ಹಾಕಾಕ ಬರತದೇನು?"
"ಸರಕಾರದ ಬಣ್ಣ ಕೆಡತದಲ್ರೀ."
"ಹೌದು, ಕೆಡತದ," ಅಂದ್ರು. ಎದ್ದ್ರು.

ಐತವಾರ ಬಂದು ಒಯ್ದ್ರು.
ಕೂಲಿ ಕೇಳಿದ್ರು, ಹೇಳಿದೆ, ಎಣಿಸಿ ಕೊಟ್ಟ್ರು.
ಮುಂದಿನ ಮಾರಿ ಕಾಯಿದೆ ಪ್ರಕಾರನ ಐತಿ.
ಹಿಂದಿನದು ನಾ ಹೇಳಿಲ್ಲ.
ಕಣ್ಣಿಗೆ ಕಾಣಂಗಿಲ್ಲ ಅದು,
ಕತ್ತಲಾಗ ತಿರುವಿ ತಡವಿದ್ರ
ಬಟ್ಟಿಗೆ ಹತ್ತತದ.