ಸುಣ್ಣಕ್ಕೆ ಬೆಲ್ಲ

ಮನೆ ಕಟ್ಟಿ ನೋಡು ಅಂದವರು
ಕೆಡವಿ ನೋಡು ಅನ್ನಲಿಲ್ಲ.
ಹ್ಯಾಲಿಫ್ಯಾಕ್ಸಿನ ಏರುಬೀದಿಯಲ್ಲಿ
ಹರಾಜಿಗೆ ಸಿಕ್ಕ ನೂರಿಪ್ಪತ್ತು ವರ್ಷದ ಕಲ್ಲುಮನೆ,
ಅಕ್ಕಪಕ್ಕದ ಮನೆಗಳ ಹೆಗಲು ಹಿಡಿದು ನಿಂತದ್ದು,
ಅವು ಬಿಟ್ಟರೆ ಕೂತೇಬಿಡುತ್ತಿತ್ತು.

ಗಂಡನ ಹೆಸರು ಮುರಿಗೆಪ್ಪ.
ಹೆಸರಿಗೆ ಮೋಸ ಮಾಡಿದವನಲ್ಲ.
ಮೊದಲ ಶನಿವಾರವೇ ಸುತ್ತಿಗೆ ಎತ್ತಿ
ಸಣ್ಣ ಕೋಣೆಯ ಗೋಡೆಗೆ ಒಂದು ಕೊಟ್ಟ.
ಗೋಡೆ ಬೀಳಲಿಲ್ಲ,
ಆಚೆ ಮನೆಯ ಮಿಸೆಸ್ ಗ್ರೀನ್‌ವುಡ್‌ರ ಪಿಂಗಾಣಿ ನಾಯಿ ಬಿತ್ತು.
ಬಾಲದ ಚೂರು ಅಂಗೈಯಲ್ಲಿಟ್ಟುಕೊಂಡು ಬಂದರು,
ಅದು ನಮ್ಮಿಬ್ಬರದೂ ಗೋಡೆ, ಅಷ್ಟೇ ಹೇಳಿ ಹೋದರು.

ಮೆಟ್ಟಿಲ ಕೆಳಗೆ ಒಂದು ಇಂಡಕ್ಷನ್ ಒಲೆ, ಅದೇ ಅಡುಗೆಮನೆ.
ಪಾತ್ರೆ ಬೆಳಗುವುದು ಸ್ನಾನದ ತೊಟ್ಟಿಯಲ್ಲಿ, ಮಂಡಿಯೂರಿ,
ದೇವರ ಮುಂದೂ ಇಷ್ಟು ಊರಿದವಳಲ್ಲ ನಾನು.
ಚಿಮಣಿಯಿಂದ ಯಾರದೋ ಕಾಲದ ಮಸಿ ಉದುರುತ್ತದೆ,
ಉಪ್ಪಿಟ್ಟಿನಲ್ಲಿ ಸಾಸಿವೆ ಯಾವುದು ಮಸಿ ಯಾವುದು
ಹಲ್ಲಿಗೆ ಸಿಕ್ಕ ಮೇಲೆ ತಿಳಿಯುತ್ತದೆ.

ಹಗಲು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತೇನೆ.
ಉಸಿರು ಹಿಡಿಯಿರಿ, ಅಲ್ಲಾಡಬೇಡಿ, ಈಗ ಬಿಡಿ.
ದಿನಕ್ಕೆ ಅರವತ್ತು ಸಲ.
ಸಂಜೆ ಬಂದರೆ ಗಾರೆಯ ಡೆರೆಕ್
ಗೋಡೆಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಾನೆ.
ಇದಕ್ಕೆ ಉಸಿರು ಕಟ್ಟಿದೆ, ಅಂದ.
ಯಾರೋ ಪುಣ್ಯಾತ್ಮ ಸಿಮೆಂಟು ಬಳಿದು ಹೋಗಿದ್ದಾನೆ,
ಒಳಗಿನ ಒದ್ದೆ ದಾರಿ ಕಾಣದೆ ಕೊಳೆಯುತ್ತಿದೆ.
ಕಿತ್ತು ಸುಣ್ಣ ಹಚ್ಚಬೇಕು.
ಸುಣ್ಣವಾದರೆ ಉಸಿರಾಡುತ್ತದೆ.

ಸುಣ್ಣ!
ಜಾಯಿಸ್ಟು, ಸ್ಕರ್ಟಿಂಗು, ಲಿಂಟೆಲ್ಲು ಎಂಬ ಮಾತುಗಳಿಗೆ
ಬೆಪ್ಪಳಂತೆ ತಲೆಯಾಡಿಸಿ ತಿಂಗಳುಗಳಾಗಿದ್ದವು.
ಈ ಒಂದಕ್ಕೆ ನಾಲಿಗೆಯ ತುದಿ ಚುರುಕ್ಕೆಂದಿತು.

ಡೆರೆಕ್ ಗೋಣಿಯಿಂದ ಕುದುರೆಕೂದಲು ತೆಗೆದು
ಸುಣ್ಣಕ್ಕೆ ಉದುರಿಸಿ ಕಲಸುತ್ತಿದ್ದ.
ಬೆಲ್ಲ ಹಾಕುವುದಿಲ್ಲವೇ? ಕೇಳಿದೆ.
ನಮ್ಮ ರಾಮದುರ್ಗದ ಕಡೆ ಹಳೇ ಗಾರೆಗೆ
ಬೆಲ್ಲದ ನೀರು, ಅಳಲೆಕಾಯಿ.
ಬೆಲ್ಲ ಅಂದರೇನು ಅಂದ. ಡಬ್ಬಿ ತೆಗೆದು ಒಂದು ಚೂರು ಕೊಟ್ಟೆ.
ಚಹಾದಲ್ಲಿ ಅದ್ದಿ, ಕಣ್ಣು ಮುಚ್ಚಿ ಚೀಪಿ,
ಇದನ್ನು ಗೋಡೆಗೆ ಹಾಕುವುದು ಪಾಪ ಅಂದ.

ನಾಲ್ಕಕ್ಕೆ ಹೊರಟ. ನಾಲ್ಕಕ್ಕೇ ಕತ್ತಲು.
ಸಣ್ಣ ಕೋಣೆಗೆಂದು ಉಳಿದ ಬಕೀಟಿಗೆ
ನಾನೊಬ್ಬಳೇ ಅರ್ಧ ಅಚ್ಚು ಕರಗಿಸಿ ಸುರಿದು
ಮೊಣಕೈಯವರೆಗೆ ಕಲಸಿ, ಬಳಿದೆ.
ಯಾಕೆ ಅಂತ ಕೇಳಬೇಡಿ.
ಊರ ನೆನಪಿಗಲ್ಲ. ಶಾಸ್ತ್ರಕ್ಕಂತೂ ಅಲ್ಲ.
ಸಾಲ ಇಬ್ಬರ ಹೆಸರಲ್ಲಿದೆ, ಗೋಡೆ ಮೂವರದು,
ನನಗೊಬ್ಬಳಿಗೇ ಗೊತ್ತಿರುವುದು ಒಂದಾದರೂ ಇರಲಿ ಅಂತ.

ಒಣಗಲು ಚಳಿಗಾಲವೇ ಬೇಕಾಯಿತು. ಹೀಟರ್ ಹಚ್ಚುವಂತಿಲ್ಲ,
ಸುಣ್ಣಕ್ಕೆ ಅವಸರವಾಗದು.
ಕೋಟು ಹಾಕಿಕೊಂಡೇ ಮಲಗಿದೆವು.
ಟೈಲ್ಸಿನ ಬಣ್ಣಕ್ಕೆ ಜಗಳವಾಡಿ ಎರಡು ದಿನ ಮಾತು ಬಿಟ್ಟೆವು;
ಮೂರನೆಯ ಬೆಳಗ್ಗೆ ಪೇಂಟ್ ಡಬ್ಬಿಯ ಮುಚ್ಚಳದ ಮೇಲೆ
ಪೆನ್ಸಿಲಿನಲ್ಲಿ ಬರೆದಿದ್ದ: ಹಾಲಿಲ್ಲ.
ಕೆಳಗೆ ನಾನು ಬರೆದೆ: ಗೊತ್ತು.

ಜೂನಿನಲ್ಲಿ ಇರುವೆಗಳು ಬಂದವು.
ಹೊಸಿಲು ದಾಟಿ, ಹೊಸ ಹಲಗೆಯ ಸಂದಿನಲ್ಲಿ ಹಾಯ್ದು,
ಸಣ್ಣ ಕೋಣೆಯ ಗೋಡೆ ಹತ್ತಿ
ಎದೆಮಟ್ಟದಲ್ಲಿ ನಿಂತವು, ಒಂದು ಜಾಗ ಹಿಡಿದು,
ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ.
ಮುರಿಗೆಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದ.
ಇಷ್ಟು ಗೋಡೆ ಬಿಟ್ಟು ಇದರಾಗೇನೈತಿ?
ನೋಡಬೇಕಾದರೆ ಎಕ್ಸ್‌ರೇ ತೆಗೀಬೇಕು, ಅಂದೆ.
ಆತ ನನ್ನ ಮುಖ ನೋಡಿದ.
ಉಸಿರು ಹಿಡಿದು ನಿಂತೆ, ಅಲ್ಲಾಡದೆ.

ಅಷ್ಟರಲ್ಲಿ ಗೋಡೆಯ ಆ ಬದಿಯಿಂದ
ಮಿಸೆಸ್ ಗ್ರೀನ್‌ವುಡ್ ತಟ್ಟಿದರು,
ಮೂರು ಸಲ, ಅದೇ ಎದೆಮಟ್ಟಕ್ಕೆ.