ಬಚ್ಚಲ ಕಲ್ಲು

ನೂರಿಯಾ ಅಂತ ಹೆಸರು. ನಮ್ಮ ಓಣಿಯವರು
ಮೊದಲ ವಾರ ಸಾಬರ ಹುಡುಗಿಯೆಂದೇ ತಿಳಿದು
ರಂಜಾನಿಗೆ ಊರಿಗೆ ಹೋಗಂಗಿಲ್ಲೇನವ್ವ ಎಂದು ಕೇಳಿದರು.
ಹಿಮದ ಗುಡ್ಡಗಳ ಬುಡದ ಕತಲಾನ್ ಹಳ್ಳಿಯವಳು;
ಐಹೊಳೆಗೆ ಬಂದದ್ದು ಒಂದು ಬೆನ್ನನ್ನು ಅಳೆಯಲು.

ದುರ್ಗದ ಗುಡಿಯ ಬೆನ್ನು.
ಕುಂತ ಆನೆಯನ್ನು ಹಿಂದಿನಿಂದ ಕಂಡಂಥ ದುಂಡು.
ಅಪ್ಪ ಟೇಪಿನ ಇನ್ನೊಂದು ತುದಿ ಹಿಡಿದ:
ಭರಮಪ್ಪ ಗೌಂಡಿ, ಇಲಾಖೆಯ ದಿನಗೂಲಿ,
ಇಪ್ಪತ್ತೆರಡು ವರ್ಷ ಬಿದ್ದ ಕಲ್ಲಿಗೆ ನಂಬರು ಬರೆದವನು.
ನಾನು ಅಮೀನಗಡದ ಸಾಲೆಯಲ್ಲಿ ಚಿತ್ರ ಕಲಿಸುವವಳು,
ಸಂಜೆ ಹೊತ್ತು ಇಬ್ಬರ ನಡುವೆ
ಮಾತು ದಾಟಿಸುವ ಹರಿಗೋಲು.

ಫೋನಿನಲ್ಲಿ ಅವಳು ತನ್ನೂರ ಚರ್ಚು ತೋರಿಸಿದಳು.
ಕ್ಯಾಲೆಂಡರಿನಲ್ಲಿ ಮುಗಿಲು ಚುಚ್ಚುವ ಚರ್ಚಲ್ಲ ಅದು,
ಕಣಜದಂತೆ ಗಿಡ್ಡ, ಎರಡು ಮೊಳ ದಪ್ಪದ ಗೋಡೆ,
ಬೆಳಕಿಂಡಿಯಷ್ಟೇ ಕಿಟಕಿ,
ಒಂಬೈನೂರು ವರ್ಷದ ಬೂದುಗಲ್ಲು.
ಹಿಂಭಾಗ ನೋಡಿ ಅಪ್ಪ ಕನ್ನಡಕ ಏರಿಸಿದ:
"ಇದೂ ಆನಿ ಬೆನ್ನಽ."

ಕಂಬದ ತಲೆಯ ಮೇಲೊಂದು ಮೃಗ
ಮನುಷ್ಯನನ್ನು ಸೊಂಟದ ತನಕ ನುಂಗಿತ್ತು.
ನುಂಗಿಸಿಕೊಂಡವನ ಮುಖದಲ್ಲಿ ನೋವಿಲ್ಲ,
ಹುನಗುಂದದ ಬಸ್ಸಿಗೆ ಕಾಯುವವನ ಬೇಸರ.
"ಕೆತ್ತಿದವ ಸಿಂಹ ನೋಡಿಲ್ಲ. ನಾಯಿ ನೋಡ್ಯಾನ,
ಉಳಿದದ್ದು ಯಾರೋ ಹೇಳ್ಯಾರ.
ನಮ್ಮವರೂ ಹಂಗಽ ಮಾಡ್ಯಾರ ತಗೋ."

ಬಾಗಿಲ ಮೇಲೆ ಅರ್ಧಚಂದ್ರದ ಕಲ್ಲು.
ನಡುವೆ ಯೇಸು, ದೊಡ್ಡ ಕಣ್ಣು, ದೊಡ್ಡ ಅಂಗೈ;
ಎರಡೂ ಬದಿಗೆ ಸಂತರು ಕುಗ್ಗುತ್ತ, ಕುಗ್ಗುತ್ತ,
ಕಟ್ಟಕಡೆಯವನು ಮೊಣಕಾಲೂರಿದ್ದಾನೆ.
ಭಕ್ತಿ, ಎಂದಳು ನೂರಿಯಾ. ದಾಟಿಸಿದೆ.
"ಭಕ್ತಿ ಇರಬೌದು. ಅಲ್ಲಿಗೆ ಕಲ್ಲು ಮುಗದೈತಿ."
ಇದನ್ನು ದಾಟಿಸಲು ಬಹಳ ಹೊತ್ತು ಹಿಡಿಯಿತು.

ಅವನಿಗೆ ನಿದ್ದೆ ಕೆಡಿಸಿದ್ದು ಮಾತ್ರ ಕಮಾನು.
ಈ ಗುಡಿಗಳಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ,
ಭಾರಕ್ಕೆ ಇಳಿಯಲು ಒಂದೇ ದಾರಿ.
ಆದರೆ ಹರೆಯದಲ್ಲಿ ಅವನು ಹಳ್ಳಕ್ಕೊಂದು ಸಣ್ಣ ಸೇತುವೆ ಕಟ್ಟಿದ್ದ,
ಒಂದೇ ಕಮಾನು, ಅಡಿಗೆ ಜಾಲಿ ಕಟ್ಟಿಗೆಯ ಆಸರೆ.
ಬಿಚ್ಚುವ ದಿನ ಎಲ್ಲರೂ ದಂಡೆ ಏರಿದರು.
ಗುತ್ತಿಗೆದಾರ ಛತ್ರಿ ಮಡಚುತ್ತ ಅಂದಿದ್ದ:
ನೀನಽ ಕಟ್ಟೀದಿ, ನೀನಽ ಕೆಳಗ ನಿಲ್ಲು.

ನಿಂತ.
ಒಂದೊಂದೇ ಹಗ್ಗ. ತಲೆಯ ಮೇಲೆ ಮರಳು ಸುರಿಯಿತು.
ಆಮೇಲೆ ಕಲ್ಲು ಕಲ್ಲನ್ನು ಕಚ್ಚಿದ ಸದ್ದು,
ಮುದುಕಿ ಅಡಕೆ ಕಡಿದ ಹಾಗೆ. ಅಷ್ಟೆ.
ಈ ಕತೆ ಅವ್ವನಿಗೂ ಗೊತ್ತಿರಲಿಲ್ಲ.

"ಕೇಳು ಆಕಿನ್ನ," ಅಂದ ಅಪ್ಪ,
"ಅವರ ಗುಡ್ಯಾಗ ಕಟ್ಟಿಗಿ ಬಿಚ್ಚುವಾಗ
ಕೆಳಗ ಯಾರನ್ನ ನಿಲ್ಲಿಸಿದ್ರು?"
ಕೇಳಿದೆ. ನೂರಿಯಾ ಟೇಪು ಸುತ್ತುತ್ತಿದ್ದವಳು ಸುತ್ತುವುದ ಬಿಟ್ಟಳು.
ಕಟ್ಟಿಸಿದ ಬಿಷಪ್ಪನ ಹೆಸರು ಗೊತ್ತಿತ್ತು ಅವಳಿಗೆ,
ದಾನ ಕೊಟ್ಟ ಹೊಲಗಳ ಹೆಸರೂ.

ಕೊನೆಯ ಚಿತ್ರ, ಗೋಡೆಯ ಬುಡದ್ದು: ಉಳಿಯ ಮೂರು ಗೀರು,
ಗುಬ್ಬಿ ಹೆಜ್ಜೆಯಂಥದ್ದು. ಇದರ ಬಗ್ಗೆ ವಿದ್ವಾಂಸರು, ಎಂದು
ಅವಳು ಶುರು ಮಾಡುವುದರೊಳಗೆ
"ಕೂಲಿ ಲೆಕ್ಕ" ಅಂದ ಅಪ್ಪ.
ದಾಟಿಸಲಿಲ್ಲ. ಅವಳಿಗೆ ಹೇಗೋ ತಿಳಿಯಿತು.

ಆಷಾಢದಲ್ಲಿ ಲಕೋಟೆ ಬಂತು.
ತೆಳ್ಳನೆ ಕಾಗದ, ಮೇಲೆ ಕರಿ ಮೇಣ ಉಜ್ಜಿ ಎತ್ತಿದ
ಅದೇ ಗುಬ್ಬಿ ಹೆಜ್ಜೆ.
ಕಟ್ಟು ಹಾಕಿಸೋಣ ಎಂದೆ. ಬ್ಯಾಡ.
ಇಲಾಖೆಯ ಕಲ್ಲಿನ ಮೇಲೆ ಸುಣ್ಣದ ಗೀಟೂ ಅಪರಾಧ,
ಒಂದು ರವಿವಾರ ಬಚ್ಚಲಿಗೆ ಹೋಗಿ
ಬಾಗಿಲು ಹಾಕಿಕೊಂಡು
ಕಾಲು ತೊಳೆಯುವ ಕೆಂಪು ಹಾಸುಗಲ್ಲಿಗೆ ಅದನ್ನಿಳಿಸಿದ.

ಅವ್ವ ಎರಡು ದಿನ ಬೈದಳು.
ಈಗ ದಿನಾ ಸಂಜೆ ಒಡೆದ ಹಿಮ್ಮಡಿಯನ್ನು
ಆ ಮೂರು ಗೀರಿಗೇ ಒತ್ತಿ ಉಜ್ಜುತ್ತಾಳೆ.
ಹೊಲಸು ಛಲೋ ಹೋಗತೈತಿ, ಅನ್ನುತ್ತಾಳೆ.